ಮಳೆ ಬಂದರೆ ಚಿತ್ರ ಕೆಡುವುದೆ?

ಬಯಲಿನಲ್ಲಿ ಕುಳಿತು ಚಿತ್ರ ಬರೆಯಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ಆ ಆಸೆಗೆ ಅಡ್ಡಬರುವ ಕಾರಣಗಳೂ ಅನೇಕ. ಮಳೆಗಾಲದಲ್ಲಿ ಮಳೆ ನಿಲ್ಲಲಿ ಎನ್ನುತ್ತೇವೆ; ಮಳೆ ನಿಂತ ಮೇಲೆ ಗಾಳಿ ಹೆಚ್ಚೆನ್ನುತ್ತೇವೆ; ಮಾಗಿಯಲ್ಲಿ ಮಂಜನ್ನು ದೂರುತ್ತೇವೆ; ಮಂಜು ಹರಿಯುವಷ್ಟರಲ್ಲಿ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ; ಪರೀಕ್ಷೆ ಮುಗಿದ ಮೇಲೆ ಬಿಸಿಲು ನೆತ್ತಿ ಸುಡುತ್ತದೆ. ಹೀಗೆ ಹನ್ನೆರಡು ತಿಂಗಳೂ ತಪ್ಪನ್ನು ಹವೆಯ ಮೇಲೆ ಹೊರಿಸಿ, ಕೊನೆಗೆ ಕೊಠಡಿಯೊಳಗೆ ಕುಳಿತು ಮೊಬೈಲ್ ಫೋನಿನಲ್ಲಿ ಕಂಡ ಯಾವುದೋ ದೇಶದ ಯಾವುದೋ ಬೆಟ್ಟವನ್ನು ನಕಲು ಮಾಡುತ್ತೇವೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ನಾಟ್ಯಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ.

ಹವೆಯು ಚಿತ್ರಕಾರನ ಶತ್ರುವೆಂಬ ಈ ನಂಬಿಕೆಯೇ ತಪ್ಪೆಂದು ನನ್ನ ಅಭಿಪ್ರಾಯ. ಹವೆ ಚಿತ್ರಕ್ಕೆ ಅಡ್ಡಿಯಲ್ಲ; ಬಯಲಿನಲ್ಲಿ ಬರೆದ ಚಿತ್ರಕ್ಕೆ ಅದೇ ವಸ್ತು. ಹಾಗೆಂದಮಾತ್ರಕ್ಕೆ ಗುಡುಗು ಸಿಡಿಲುಗಳ ನಡುವೆ ಕುಂಚ ಹಿಡಿದು ನಿಂತವನೇ ಶೂರನೆಂದೂ ನಾನು ಒಪ್ಪುವುದಿಲ್ಲ. ಹವೆಯನ್ನು ಶಪಿಸುವುದು ಒಂದು ಅತಿಯಾದರೆ, ಹವೆಯೊಡನೆ ಮಲ್ಲಯುದ್ಧಕ್ಕೆ ಇಳಿಯುವುದು ಇನ್ನೊಂದು ಅತಿ. ಇವೆರಡರ ನಡುವೆ ಒಂದು ಮನೋಭಾವವುಂಟು. ಅದನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಸರಳವಾದ ಸಂಗತಿಯನ್ನು ಗಮನಿಸೋಣ. ನಾವು ಮರವನ್ನು ಬರೆಯುತ್ತೇವೆ, ಮನೆಯನ್ನು ಬರೆಯುತ್ತೇವೆ ಎಂದುಕೊಳ್ಳುತ್ತೇವೆ. ನಿಜವಾಗಿ ಬರೆಯುವುದು ಮರದ ಮೇಲೆ ಬಿದ್ದ ಬೆಳಕನ್ನು. ಒಂದೇ ಹೆಂಚಿನ ಮನೆ ಬೆಳಗಿನ ಬಿಸಿಲಿನಲ್ಲಿ ಕಿತ್ತಳೆಯಾಗಿ, ಮೋಡ ಕವಿದಾಗ ಕಂದಾಗಿ, ಮಳೆ ಬಿದ್ದು ನಿಂತ ಕೂಡಲೆ ಕಡುಗೆಂಪಾಗಿ ಕಾಣುತ್ತದೆ. ಒದ್ದೆಯಾದ ರಸ್ತೆ ಆಕಾಶಕ್ಕೆ ಕನ್ನಡಿ ಹಿಡಿಯುತ್ತದೆ. ಒಣಗಿದ ರಸ್ತೆ ಹಿಡಿಯುವುದಿಲ್ಲ. ಬಿಸಿಲಿನ ದಿನ ಮೂರು ಮೈಲಿ ದೂರದ ಗುಡ್ಡದ ಒಂದೊಂದು ಮರವೂ ಕಾಣುತ್ತದೆ; ಮಳೆ ಹಿಡಿದ ದಿನ ಅದೇ ಗುಡ್ಡ ಬೂದಿಯ ಬಣ್ಣದ ಒಂದೇ ಪದರವಾಗುತ್ತದೆ. ಮನೆ ಅದೇ, ರಸ್ತೆ ಅದೇ, ಗುಡ್ಡ ಅದೇ. ಚಿತ್ರ ಮಾತ್ರ ಬೇರೆ. ಹವೆಯನ್ನು ಕಳೆದುಬಿಟ್ಟರೆ ಉಳಿಯುವುದು ಊರಿನ ನಕ್ಷೆ ಮಾತ್ರ.

ಈ ಮಾತನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಫ್ರಾನ್ಸಿನ ಕ್ಲಾಡ್ ಮೊನೆ ಮುಖ್ಯನು. ೧೮೯೦–೯೧ರಲ್ಲಿ ಅವನು ತನ್ನ ಮನೆಯ ಹತ್ತಿರದ ಹೊಲದಲ್ಲಿದ್ದ ಬಣವೆಗಳನ್ನು ಮತ್ತೆ ಮತ್ತೆ ಬರೆದನು. ೧೮೯೨ರಿಂದ ೧೮೯೪ರವರೆಗೆ ರುವಾನ್ ಪಟ್ಟಣದ ಚರ್ಚಿನ ಮುಂಭಾಗವೊಂದನ್ನೇ ಮೂವತ್ತಕ್ಕೂ ಹೆಚ್ಚು ಸಲ ಚಿತ್ರಿಸಿದನು. ಬಣವೆಯಲ್ಲಿ ಅಷ್ಟೊಂದು ನೋಡುವುದೇನಿದೆ ಎಂದು ನಮ್ಮ ರೈತರು ಕೇಳಬಹುದು. ಮೊನೆ ನೋಡಿದ್ದು ಬಣವೆಯನ್ನಲ್ಲ. ಅದರ ಮೇಲೆ ಕುಳಿತ ಹಿಮವನ್ನು, ಮಂಜನ್ನು, ಇಳಿಬಿಸಿಲನ್ನು. ಅವನು ಕೆಲಸ ಮಾಡುತ್ತಿದ್ದ ಕ್ರಮವೂ ಗಮನಾರ್ಹವಾದುದು. ಹಲವು ಕ್ಯಾನ್‌ವಾಸುಗಳನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ಬೆಳಕು ಇರುವಷ್ಟು ಹೊತ್ತು ಒಂದರ ಮೇಲೆ ಬರೆದು, ಬೆಳಕು ಬದಲಾದೊಡನೆ ಅದನ್ನು ತೆಗೆದಿಟ್ಟು ಮತ್ತೊಂದನ್ನು ಎತ್ತಿಕೊಳ್ಳುತ್ತಿದ್ದನು. ಮೋಡ ಬಂತೆಂದು ಗೊಣಗಲಿಲ್ಲ. ಮೋಡಕ್ಕೆಂದು ಬೇರೆ ಕ್ಯಾನ್‌ವಾಸ್ ಇಟ್ಟುಕೊಂಡಿದ್ದನು.

ಮೊನೆಗಿಂತ ಎರಡು ತಲೆಮಾರು ಹಿಂದಿನವನು ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್. ಅವನ ತಂದೆ ಹಿಟ್ಟಿನ ಗಿರಣಿಗಳ ಒಡೆಯ. ಹುಡುಗನಾಗಿದ್ದಾಗ ಕಾನ್‌ಸ್ಟೆಬಲ್ ಆ ಗಿರಣಿಗಳಲ್ಲಿ ಸ್ವಲ್ಪಕಾಲ ಕೆಲಸ ಮಾಡಿದ್ದನು. ಗಾಳಿಯಿಂದ ತಿರುಗುವ ಗಿರಣಿಯಲ್ಲಿ ದುಡಿದವನಿಗೆ ಆಕಾಶ ನೋಡುವುದು ಕಾವ್ಯವಲ್ಲ, ಕಸುಬು. ಮುಂದೆ ೧೮೨೧ ಮತ್ತು ೧೮೨೨ರಲ್ಲಿ ಲಂಡನ್ನಿನ ಬಳಿಯ ಹ್ಯಾಂಪ್‌ಸ್ಟೆಡ್ ದಿಬ್ಬದಲ್ಲಿ ಅವನು ಬರೀ ಮೋಡಗಳನ್ನೇ ಕಾಗದದ ಮೇಲೆ ತೈಲವರ್ಣದಲ್ಲಿ ಹತ್ತಾರು ಸಲ ಬರೆದನು. ಅವುಗಳಲ್ಲಿ ಅನೇಕ ಚಿತ್ರಗಳ ಹಿಂಬದಿಯಲ್ಲಿ ಅಂದಿನ ತಾರೀಖು, ಗಂಟೆ, ಗಾಳಿ ಬೀಸುತ್ತಿದ್ದ ದಿಕ್ಕು, ಆಮೇಲೆ ಮಳೆ ಬಂತೆ ಬಿಸಿಲು ಬಂತೆ ಎಂಬುದನ್ನು ಗುರುತುಹಾಕಿಟ್ಟಿದ್ದಾನೆ. ಆ ಟಿಪ್ಪಣಿಗಳನ್ನು ಅಂದಿನ ಹವಾಮಾನದ ದಾಖಲೆಗಳೊಡನೆ ಹೋಲಿಸಿ ನೋಡಿದ ವಿಜ್ಞಾನಿಗಳೂ ಉಂಟು. ಒಬ್ಬ ಚಿತ್ರಕಾರನ ಅಭ್ಯಾಸದ ಹಾಳೆಗಳು ಇನ್ನೂರು ವರ್ಷಗಳ ತರುವಾಯ ಆಕಾಶದ ಸಾಕ್ಷ್ಯವಾದದ್ದು ಸಾಮಾನ್ಯ ಮಾತಲ್ಲ.

ಕಾನ್‌ಸ್ಟೆಬಲನ ಈ ವೃತ್ತಾಂತವನ್ನು ಓದಿದಾಗ ನನಗೆ ನೆನಪಾದವರು ನಮ್ಮ ಸೀಮೆಯ ರೈತರು. ನಮ್ಮ ಊರು ಮಲೆನಾಡಿನ ಅಂಚಿನಲ್ಲಿದೆ. ಪಶ್ಚಿಮಕ್ಕೆ ಹೋದರೆ ಮಳೆ ಬಿಡುವುದಿಲ್ಲ, ಪೂರ್ವಕ್ಕೆ ಹೋದರೆ ಮಳೆ ಬರುವುದಿಲ್ಲ. ನಡುವೆ ನಮ್ಮಲ್ಲಿ ಅದು ತನಗೆ ತೋರಿದ ಹಾಗೆ ವರ್ತಿಸುತ್ತದೆ. ಆದರೂ ಇಲ್ಲಿನ ಹಿರಿಯರು ಮಳೆಯನ್ನು ತಮ್ಮ ಮನೆಯ ಮಕ್ಕಳಂತೆ ಹೆಸರಿಟ್ಟು ಕರೆಯುತ್ತಾರೆ: ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ. ಒಂದೊಂದಕ್ಕೂ ಒಂದೊಂದು ಸ್ವಭಾವ ಹೇಳುತ್ತಾರೆ. ಜಿಟಿಜಿಟಿ ಹಿಡಿಯುವ ಮಳೆ ಯಾವುದು, ಬಂದ ವೇಗದಲ್ಲೇ ಹೋಗುವ ಮಳೆ ಯಾವುದು, ಗುಡುಗಿ ಮೋಸಮಾಡುವ ಮೋಡ ಯಾವುದು ಎಂಬುದು ಅವರಿಗೆ ಗೊತ್ತು. ಅವರ ಲೆಕ್ಕ ತಪ್ಪುವುದೂ ಉಂಟು. ತಪ್ಪಿದರೆ ಮತ್ತೆ ಆಕಾಶ ನೋಡುತ್ತಾರೆಯೇ ಹೊರತು ಉಳುಮೆಯನ್ನು ಮಾಗಿಗೆ ಮುಂದೂಡುವುದಿಲ್ಲ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬುದು ಅವರ ಗಾದೆ. ಕಾಲೇಜಿನಲ್ಲಿ ಓದುವ ನಮಗೆ ಮಾತ್ರ ಎಲ್ಲ ಮಳೆಯೂ ಒಂದೇ: ಬಟ್ಟೆ ಒಣಗಲು ಬಿಡದ ಮಳೆ.

ಇನ್ನು ಎರಡನೆಯ ಅತಿಯ ವಿಚಾರ. ಕಲಾವಿದನೆಂದರೆ ಬಿರುಗಾಳಿಗೆ ಎದೆಯೊಡ್ಡಿ ನಿಂತವನು ಎಂಬ ಚಿತ್ರ ನಮ್ಮ ತಲೆಯಲ್ಲಿ ನೆಲೆಸಿದೆ. ಇಂಗ್ಲೆಂಡಿನ ಟರ್ನರ್ ೧೮೪೨ರಲ್ಲಿ ಪ್ರದರ್ಶಿಸಿದ ಹಿಮಬಿರುಗಾಳಿಯ ಚಿತ್ರಕ್ಕಾಗಿ ತನ್ನನ್ನು ಹಡಗಿನ ಕೂವೆಮರಕ್ಕೆ ಕಟ್ಟಿಸಿಕೊಂಡು ನಾಲ್ಕು ಗಂಟೆ ಕಾಲ ಸಮುದ್ರವನ್ನು ನೋಡಿದೆನೆಂದು ಹೇಳಿಕೊಂಡನಂತೆ. ಆ ಕಥೆಯನ್ನು ನಂಬದ ವಿದ್ವಾಂಸರೇ ಹೆಚ್ಚು. ಚಿತ್ರ ದೊಡ್ಡದು, ಅದಕ್ಕೆ ಹಗ್ಗದ ಕಥೆ ಬೇಕಾಗಿಲ್ಲ. ಇತರ ಪ್ರಸಂಗಗಳಾದರೋ ಕಥೆಯಲ್ಲ, ನಿಜ. ಮೊನೆ ೧೮೮೫ರ ನವೆಂಬರಿನಲ್ಲಿ ಎಟ್ರೆಟಾ ಎಂಬಲ್ಲಿ ಸಮುದ್ರದ ದಂಡೆಯಲ್ಲಿ ಬರೆಯುತ್ತ ಉಬ್ಬರದ ವೇಳೆಯ ಲೆಕ್ಕ ತಪ್ಪಿ, ಒಂದು ದೊಡ್ಡ ಅಲೆ ಅವನನ್ನು ಬಂಡೆಗೆ ಅಪ್ಪಳಿಸಿತು. ಕ್ಯಾನ್‌ವಾಸೂ ಬಣ್ಣಗಳೂ ನೀರುಪಾಲಾದವು. ಜೀವ ಉಳಿದದ್ದು ಪುಣ್ಯ. ಸೆಜಾನ್ ೧೯೦೬ರ ಅಕ್ಟೋಬರಿನಲ್ಲಿ ತನ್ನ ಊರಿನ ಬಯಲಿನಲ್ಲಿ ಬರೆಯುತ್ತಿದ್ದಾಗ ಬಿರುಮಳೆಗೆ ಸಿಕ್ಕಿ ಕುಸಿದುಬಿದ್ದನು. ಕೆಲವೇ ದಿನಗಳಲ್ಲಿ ತೀರಿಕೊಂಡನು. ಅರುವತ್ತೇಳು ವಯಸ್ಸಿನ, ಸಕ್ಕರೆ ಕಾಯಿಲೆಯ ಮನುಷ್ಯ. ಈ ಸಾವನ್ನು ಹೊಗಳಿ ಬರೆಯುವವರಿದ್ದಾರೆ. ನನಗೆ ಅದರಲ್ಲಿ ಹೊಗಳತಕ್ಕದ್ದು ಕಾಣುವುದಿಲ್ಲ. ಅಂದು ಒಂದು ಗಂಟೆ ಮೊದಲು ಮನೆಗೆ ಹೊರಟಿದ್ದರೆ ಅವನು ಇನ್ನಷ್ಟು ಚಿತ್ರ ಬರೆದಿರಬಹುದಾಗಿತ್ತು.

ನಮ್ಮ ಕಡೆ ಏಪ್ರಿಲ್ ಮೇ ತಿಂಗಳುಗಳ ಮಧ್ಯಾಹ್ನದ ಮಳೆ ಸಿಡಿಲಿನೊಡನೆ ಬರುತ್ತದೆ. ಪ್ರತಿವರ್ಷವೂ ಹೊಲದಲ್ಲಿ, ಮರದಡಿಯಲ್ಲಿ ನಿಂತವರು ಸಿಡಿಲಿಗೆ ಸಿಕ್ಕಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡ ಮೇಲೆ ಎಣಿಸುತ್ತ ಹೋಗಿ ಹತ್ತು ಎನ್ನುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಮೂರು ಕಿಲೋಮೀಟರಿನ ಆಸುಪಾಸಿನಲ್ಲಿದೆಯೆಂದು ಅರ್ಥ. ಮುಂದಿನದು ಎಲ್ಲಿ ಬೀಳುವುದೆಂದು ಹೇಳುವವರಾರು? ಆದ್ದರಿಂದ ಎಣಿಕೆ ಮುಗಿಯುವವರೆಗೂ ಕಾಯದೆ, ಗುಡುಗು ಕಿವಿಗೆ ಬಿದ್ದ ಕೂಡಲೆ ಹಲಗೆ ಮಡಚಿ ಗಟ್ಟಿ ಕಟ್ಟಡದೊಳಕ್ಕೆ ಹೋಗತಕ್ಕದ್ದು. ಹೀಗೆ ಎದ್ದುಹೋಗುವುದು ಸೋಲಲ್ಲ. ಯಾವಾಗ ಏಳಬೇಕೆಂಬುದನ್ನು ತಿಳಿದವನು ಮಾತ್ರ ಬಯಲಿನಲ್ಲಿ ಕುಳಿತುಕೊಳ್ಳಲು ಅರ್ಹನು.

ಹಾಗಾದರೆ ಸರಿಯಾದ ಮನೋಭಾವ ಯಾವುದು? ನನ್ನ ಸಮಜಾಯಿಷಿ ಇಷ್ಟು: ಸಿದ್ಧತೆಯಲ್ಲಿ ಜಿಪುಣತನ ಮಾಡಬಾರದು, ನಿರೀಕ್ಷೆಯಲ್ಲಿ ದುಂದುಗಾರಿಕೆ ಮಾಡಬಾರದು. ಹೊರಡುವ ಮುನ್ನ ಕೊಡೆ, ಒರೆಸುವ ಬಟ್ಟೆ, ಹಾಳೆಗಳನ್ನು ಸುತ್ತಲು ಪ್ಲಾಸ್ಟಿಕ್ ಚೀಲ, ನಾಲ್ಕು ಕ್ಲಿಪ್ಪು, ಹಲಗೆ ಹಾರದಂತೆ ಕಲ್ಲು ತೂಗುಹಾಕಲು ಒಂದಿಷ್ಟು ಹುರಿ, ಇವೆಲ್ಲವೂ ಇರಲಿ. ವ್ಯಾನ್ ಗೋ ೧೮೮೮ರಲ್ಲಿ ಫ್ರಾನ್ಸಿನ ದಕ್ಷಿಣದ ಆರ್ಲ್ ಪಟ್ಟಣದಲ್ಲಿದ್ದಾಗ, ಅಲ್ಲಿನ ಮಿಸ್ಟ್ರಾಲ್ ಎಂಬ ಹುಚ್ಚುಗಾಳಿಗೆ ಉಪಾಯವಾಗಿ ಈಸೆಲಿನ ಕಾಲುಗಳನ್ನು ನೆಲಕ್ಕೆ ಊರಿ, ಪಕ್ಕದಲ್ಲಿ ಕಬ್ಬಿಣದ ಗೂಟ ಹೊಡೆದು ಹಗ್ಗದಿಂದ ಬಿಗಿಯುತ್ತಿದ್ದನು. ಅವನ ಚಿತ್ರಗಳಲ್ಲಿ ಉನ್ಮಾದವನ್ನು ಕಾಣುವವರು ಆ ಗೂಟವನ್ನೂ ನೆನೆಯಬೇಕು. ಗಾಳಿ ಬೀಸುವುದೆಂದು ತಿಳಿದು ಗೂಟ ಕೊಂಡುಹೋದವನು ವಿವೇಕಿಯೇ ಸರಿ.

ಸಿದ್ಧತೆ ಮುಗಿದ ಮೇಲೆ, ಇಂದು ಒಂದು ಸುಂದರವಾದ ಚಿತ್ರವನ್ನು ಮನೆಗೆ ತರುತ್ತೇನೆಂಬ ಹಟವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಇಂದು ಏನು ಸಿಗುವುದೋ ಅದನ್ನು ನೋಡುತ್ತೇನೆ ಎಂದು ಹೋದವನಿಗೆ ಹವೆ ಮೋಸಮಾಡಲಾರದು. ಬಿಸಿಲು ಬರೆಯಲೆಂದು ಹೋದವನಿಗೆ ಮೋಡ ಮೋಸ. ಮೋಡವನ್ನೂ ಬರೆಯಬಲ್ಲೆನೆಂದು ಹೋದವನಿಗೆ ಅದು ಬರೀ ವಿಷಯಾಂತರ.

ಕೆಲಸದ ಕ್ರಮದಲ್ಲಿಯೂ ಇದೇ ಮನೋಭಾವ ಇರಬೇಕು. ನಾವು ಸಾಮಾನ್ಯವಾಗಿ ಇಡೀ ಡ್ರಾಯಿಂಗ್ ಷೀಟನ್ನು ಹಲಗೆಗೆ ಬಿಗಿದು ಕುಳಿತುಬಿಡುತ್ತೇವೆ. ಅದರ ಅರ್ಧ ತುಂಬುವಷ್ಟರಲ್ಲಿ ಬೆಳಕು ಊರು ಬಿಟ್ಟಿರುತ್ತದೆ. ಸೂರ್ಯ ಆಕಾಶದಲ್ಲಿ ಗಂಟೆಗೆ ಹದಿನೈದು ಡಿಗ್ರಿಯಂತೆ ಸರಿಯುತ್ತಾನೆ. ಬೆಳಗ್ಗೆ ಎಂಟಕ್ಕೆ ಗುರುತುಹಾಕಿದ ನೆರಳು ಹತ್ತಕ್ಕೆ ಅಲ್ಲಿರುವುದಿಲ್ಲ. ಅದೇ ಷೀಟನ್ನು ಎಂಟು ತುಂಡು ಮಾಡಿದರೆ ಎಂಟು ಆಕಾಶಗಳಿಗೆ ಸ್ಥಳವಾಯಿತು. ಬಿಸಿಲಿದ್ದಾಗ ಒಂದು, ಮೋಡ ಮುಚ್ಚಿದಾಗ ಒಂದು, ಹನಿ ನಿಂತ ಮೇಲೆ ಮತ್ತೊಂದು. ಮೊನೆಯ ಕ್ರಮ ಬಡ ವಿದ್ಯಾರ್ಥಿಗೂ ಸಾಧ್ಯವಾಗುವುದು ಹೀಗೆ. ಆಕಾಶವನ್ನು ಮೊದಲು ಬರೆಯಬೇಕು, ಏಕೆಂದರೆ ಎಲ್ಲಕ್ಕಿಂತ ಮೊದಲು ಬದಲಾಗುವುದು ಅದೇ. ನೆರಳನ್ನು ಒಮ್ಮೆ ಗೊತ್ತುಮಾಡಿಕೊಂಡ ಮೇಲೆ ಅದರ ಬೆನ್ನಟ್ಟಿ ಹೋಗಬಾರದು. ಹೋದರೆ ಒಂದೇ ಚಿತ್ರದಲ್ಲಿ ಮರದ ನೆರಳು ಪಡುವಣಕ್ಕೂ ಮನೆಯ ನೆರಳು ಮೂಡಣಕ್ಕೂ ಬೀಳುತ್ತದೆ.

ಜಲವರ್ಣದವರಿಗೆ ಹವೆ ಇನ್ನೂ ಹತ್ತಿರದ ನೆಂಟ. ಬೇಸಗೆಯ ಒಣಗಾಳಿಯಲ್ಲಿ ಕುಂಚ ಹಾಳೆಯ ಈ ತುದಿಯಿಂದ ಆ ತುದಿಗೆ ಹೋಗುವುದರೊಳಗೆ ಬಣ್ಣ ಒಣಗಿ ಗೆರೆ ಕಟ್ಟುತ್ತದೆ. ಮಳೆಗಾಲದಲ್ಲಿ ಗಾಳಿಯೇ ನೀರುಂಡು ತಣಿದಿರುವುದರಿಂದ ಹಾಳೆಯ ನೀರು ಆರುವುದೇ ಇಲ್ಲ. ಒಂದು ಬಣ್ಣ ಇನ್ನೊಂದರೊಳಕ್ಕೆ ಹರಿಯುತ್ತದೆ. ಇದನ್ನು ಕಾಟವೆಂದು ಎಣಿಸುವವರು ಒಮ್ಮೆ ಕಿಟಕಿಯಾಚೆ ನೋಡಲಿ. ಅಲ್ಲಿಯೂ ಗುಡ್ಡ ಮೋಡದೊಳಕ್ಕೆ, ಮೋಡ ತೋಟದೊಳಕ್ಕೆ ಹರಿಯುತ್ತಿರುವುದಿಲ್ಲವೆ? ಆರಿದ್ರೆಯ ಮಳೆಯನ್ನು ಬರೆಯಲು ಆರಿದ್ರೆಯ ತೇವಕ್ಕಿಂತ ಒಳ್ಳೆಯ ಸಹಾಯಕನಿಲ್ಲ. ಕುಂಚದಲ್ಲಿ ನೀರು ಕಡಿಮೆ ಮಾಡಿ, ಬಣ್ಣವನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದು, ಹರಿಯಬೇಕಾದಲ್ಲಿ ಹರಿಯಲು ಬಿಟ್ಟು, ನಿಲ್ಲಬೇಕಾದ ಕಡೆ ಬಟ್ಟೆಯಿಂದ ಒತ್ತಿದರೆ ಸಾಕು. ಕೊಡೆಯ ವಿಷಯದಲ್ಲೂ ಒಂದು ಮಾತು: ಕೆಂಪು ನೀಲಿ ಕೊಡೆಗಳು ಹಾಳೆಯ ಮೇಲೆ ತಮ್ಮ ಬಣ್ಣವನ್ನು ಬೀರಿ ಕಣ್ಣಿಗೆ ಮಂಕು ಕವಿಸುತ್ತವೆ. ನಮ್ಮ ಅಜ್ಜಂದಿರ ಕಪ್ಪು ಕೊಡೆಯೇ ಚಿತ್ರಕಾರನಿಗೆ ಮೇಲು. ಬಿಸಿಲಿನ ದಿನವೂ ಅದು ಬೇಕು. ನೇರ ಬಿಸಿಲು ಬಿದ್ದ ಹಾಳೆಯಲ್ಲಿ ಬಣ್ಣಗಳು ತಿಳಿಯಾಗಿ ಕಾಣುವುದರಿಂದ ನಾವು ಗಾಢವಾಗಿ ಬಳಿದು, ಮನೆಗೆ ಬಂದು ನೋಡಿದರೆ ಚಿತ್ರ ಕತ್ತಲೆಯಾಗಿರುತ್ತದೆ.

ಈ ಮಾತುಗಳಿಗೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ಒಂದನೆಯದು: "ಇಷ್ಟೆಲ್ಲ ಅವಸ್ಥೆ ಏಕೆ? ಒಂದು ಫೋಟೋ ಹಿಡಿದು ತಂದು ಮನೆಯಲ್ಲಿ ಬೆಚ್ಚಗೆ ಕುಳಿತು ಬರೆದರೆ ಸಾಲದೆ?" ಫೋಟೋವನ್ನು ನಾನು ದ್ವೇಷಿಸುವವನಲ್ಲ, ಕಿಟಕಿಗೆ ಎಷ್ಟು ಕಂಬಿಯೆಂಬುದನ್ನು ನೆನಪಿಡಲು ಅದು ಉಪಯುಕ್ತ. ಆದರೆ ನಮ್ಮ ಕೈಯಲ್ಲಿರುವ ಯಂತ್ರ ತಾನಾಗಿಯೇ ಬೆಳಕಿನ ಬಣ್ಣವನ್ನು ತಿದ್ದುವಂತೆ ರಚಿತವಾಗಿದೆ. ಮೋಡದ ದಿನದ ನೀಲಿಯನ್ನು ಅದು ಕಡಿಮೆ ಮಾಡುತ್ತದೆ, ಇಳಿಹೊತ್ತಿನ ಹಳದಿಯನ್ನು ತಗ್ಗಿಸುತ್ತದೆ, ಎಲ್ಲ ಹೊತ್ತಿನಲ್ಲಿಯೂ ಸುಣ್ಣದ ಗೋಡೆ ಬೆಳ್ಳಗೇ ಕಾಣಲೆಂದು ಪ್ರಯತ್ನಿಸುತ್ತದೆ. ಅಂದರೆ ನಾವು ಯಾವುದನ್ನು ಹುಡುಕಿಕೊಂಡು ಹೋದೆವೋ ಅದನ್ನೇ ತಪ್ಪೆಂದು ತಿಳಿದು ಅಳಿಸಿಹಾಕುತ್ತದೆ. ಮೇಲಾಗಿ ಯಂತ್ರ ನೋಡುವುದು ಸೆಕೆಂಡಿನ ಒಂದು ಚೂರನ್ನು. ಬಯಲಿನಲ್ಲಿ ಕುಳಿತವನು ನೋಡುವುದು ಒಂದು ಗಂಟೆಯನ್ನು. ಆ ಗಂಟೆಯಲ್ಲಿ ಮಳೆಯ ವಾಸನೆ ಬಂದಿರುತ್ತದೆ, ಕೊಕ್ಕರೆಗಳು ಎದ್ದು ಕುಳಿತಿರುತ್ತವೆ, ಬೆಟ್ಟ ಒಮ್ಮೆ ಮರೆಯಾಗಿ ಮತ್ತೆ ಕಂಡಿರುತ್ತದೆ. ಅದೆಲ್ಲವೂ ಹೇಗೋ ಕುಂಚಕ್ಕೆ ಇಳಿಯುತ್ತದೆ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ದೊಡ್ಡ ಕೃತಿಗಳು ಅವಸರದಲ್ಲಿ ಹುಟ್ಟುವುದಿಲ್ಲ, ಅವಕ್ಕೆ ಶಾಂತವಾದ ಕೊಠಡಿ ಬೇಕು ಎನ್ನುತ್ತಾರೆ. ಒಪ್ಪತಕ್ಕ ಮಾತು. ಮೊನೆ ಕೂಡ ರುವಾನಿನ ಚಿತ್ರಗಳನ್ನು ಮನೆಗೆ ತಂದು ಅಲ್ಲಿಯೇ ಪೂರೈಸಿದನು. ನಮ್ಮ ಕೆ. ವೆಂಕಟಪ್ಪನವರು (೧೮೮೬–೧೯೬೫) ಅವನೀಂದ್ರನಾಥ ಠಾಕೂರರ ಶಿಷ್ಯರು; ಗೆರೆಗೆರೆಯಲ್ಲಿಯೂ ತಾಳ್ಮೆ ತುಂಬಿದವರು. ಆದರೆ ಊಟಿ, ಕೊಡೈಕನಾಲ್‌ಗಳ ಬೆಟ್ಟಗಳನ್ನು ಕುರಿತ ಅವರ ಜಲವರ್ಣಗಳ ಮುಂದೆ ನಿಂತವರಿಗೆ ಅಲ್ಲಿನ ಮಂಜೂ ಮೋಡವೂ ಊಹೆಯಿಂದ ಬಂದವಲ್ಲವೆಂಬುದು ತಿಳಿಯುತ್ತದೆ. ತಾಳ್ಮೆ ಕೊಠಡಿಗೆ ಮಾತ್ರ ಸೇರಿದ್ದೆಂದು ಯಾರು ಹೇಳಿದರು? ಇನ್ನು ರುಮಾಲೆ ಚನ್ನಬಸವಯ್ಯನವರು (೧೯೧೦–೧೯೮೮). ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯಗಳಲ್ಲಿ ಬಹುಕಾಲ ಕಳೆದು, ಮಧ್ಯವಯಸ್ಸಿನಲ್ಲಿ ಮತ್ತೆ ಕುಂಚ ಹಿಡಿದು, ಬೆಂಗಳೂರಿನ ರಸ್ತೆಬದಿಯ ಹೂಮರಗಳನ್ನು ಅವು ನಿಂತ ಸ್ಥಳದಲ್ಲೇ ನಿಂತು ಬರೆದವರು ಅವರು. ಗುಲ್‌ಮೊಹರ್ ಹೂಬಿಟ್ಟಾಗ ಬರೆಯಬೇಕು. ಒಂದು ಗಾಳಿಮಳೆ ಬಂದರೆ ಮರದ ಕೆಂಪು ರಸ್ತೆಗೆ ಬಿದ್ದಿರುತ್ತದೆ. ಅನುಕೂಲವಾದ ಹವೆಗೆ ಕಾದಿದ್ದರೆ ಆ ವೈಭವ ಚಿತ್ರಕ್ಕೆ ಬರುತ್ತಿರಲಿಲ್ಲ. ಕೊಠಡಿ ಬೇಡವೆಂದು ನಾನು ಹೇಳುತ್ತಿಲ್ಲ. ಕೊಠಡಿಯಲ್ಲಿ ಬೇಯಿಸಲು ಬಯಲಿನಿಂದ ಕಾಳು ತರಬೇಕೆಂದು ಹೇಳುತ್ತಿದ್ದೇನೆ.

ಮೂರನೆಯ ಆಕ್ಷೇಪಣೆ ನಮ್ಮ ನಿತ್ಯಜೀವನದ್ದು. ನಮ್ಮಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬರುವವರು. ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರುವುದು ಕಷ್ಟ. ಬಣ್ಣ ಕಾಗದಗಳ ಬೆಲೆಯೂ ಕಡಿಮೆಯಲ್ಲ. ವಿದ್ಯಾರ್ಥಿನಿಯರು ಒಬ್ಬೊಬ್ಬರೇ ಕೆರೆಯ ಏರಿಯ ಮೇಲೆ ಹಲಗೆ ಹಿಡಿದು ಕುಳಿತರೆ ದಾರಿಹೋಕರ ಪ್ರಶ್ನೆಗಳಿಗೆ ಉತ್ತರ ಹೇಳುವುದರಲ್ಲೇ ಹೊತ್ತು ಹೋಗುತ್ತದೆ. ಪ್ರಶ್ನೆಯಷ್ಟರಲ್ಲೇ ನಿಂತರೆ ಪುಣ್ಯ. ಇವು ನಿಜವಾದ ಅಡಚಣೆಗಳು. ಇವುಗಳ ಮುಂದೆ ಮಳೆ ಏನೂ ಅಲ್ಲ. ಆದರೆ ಇವುಗಳಿಗೆ ಪರಿಹಾರವೂ ಉಂಟು. ದೂರದ ಪ್ರವಾಸವೇ ಬೇಕಾಗಿಲ್ಲ. ಮಧ್ಯಾಹ್ನದ ಬಿಡುವಿನ ಒಂದು ಗಂಟೆ, ಕಾಲೇಜಿನ ಹಿಂದಿನ ಗದ್ದೆಬಯಲು, ಎಂಟು ಹತ್ತು ಮಂದಿಯ ಗುಂಪು, ಅಧ್ಯಾಪಕರೊಬ್ಬರ ಜೊತೆ, ಇಷ್ಟು ಸಾಕು. ಮಳೆ ಬಂದರೆ ಓಡಿ ಸೇರಲು ನಮ್ಮ ಜಗಲಿಯೇ ಇದೆ. ಜಗಲಿಯಿಂದ ಕಾಣುವ ಮಳೆಯೂ ಮಳೆಯೇ.

ಇಷ್ಟು ಹೇಳಿದ ಮೇಲೆ, ಈ ವಿಷಯವನ್ನು ಕುರಿತು ಬರೆಯಲು ನನ್ನನ್ನು ಪ್ರೇರಿಸಿದ ಸಂಗತಿಯನ್ನು ಹೇಳಬೇಕು. ಎರಡು ವರ್ಷಗಳ ಹಿಂದೆ ನಮ್ಮ ಸಂಘದ ಪ್ರದರ್ಶನಕ್ಕೆ ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬರು ಒಂದು ಸಣ್ಣ ಜಲವರ್ಣವನ್ನು ಕೊಟ್ಟಿದ್ದರು. ಕೆರೆಯ ಏರಿಯ ಹುಣಸೆಯ ಸಾಲುಮರಗಳು, ಹಿಂದೆ ಮಳೆಯ ಆಕಾಶ. ಬರೆಯುತ್ತಿರುವಾಗಲೇ ಹನಿ ಬಿದ್ದಿದ್ದರಿಂದ ಆಕಾಶದ ಭಾಗದಲ್ಲಿ ಹತ್ತು ಹನ್ನೆರಡು ಬಿಳಿಯ ಚುಕ್ಕೆಗಳು ಮೂಡಿದ್ದವು. ಚಿತ್ರ ಕೆಟ್ಟುಹೋಗಿದೆಯೆಂದು ಹೇಳಿ ಅದನ್ನು ಬಾಗಿಲ ಹಿಂದಿನ ಮೂಲೆಯಲ್ಲಿ ತೂಗುಹಾಕಲಾಯಿತು. ಬಹುಮಾನಗಳು ಎಂದಿನಂತೆ ಹಿಮಪರ್ವತಗಳಿಗೂ ಹಂಸಗಳಿಗೂ ಹೋದವು. ಅವನ್ನು ಬರೆದವರಾರೂ ಹಿಮವನ್ನಾಗಲಿ ಹಂಸವನ್ನಾಗಲಿ ಕಂಡವರಲ್ಲ. ಆಮೇಲೆ ಕೆಲವು ತಿಂಗಳಿಗೆ ರಸ್ತೆಯನ್ನು ಅಗಲ ಮಾಡಲು ಆ ಹುಣಸೆಮರಗಳನ್ನು ಕಡಿದರು. ನಮ್ಮ ಊರಿನ ನೂರಾರು ಜನ ಅವುಗಳ ನೆರಳಿನಲ್ಲಿ ಬಸ್ಸಿಗೆ ಕಾದಿದ್ದಾರೆ. ಆ ಮರಗಳು ಮಳೆಗಾಲದ ಒಂದು ಮಧ್ಯಾಹ್ನ ಹೇಗೆ ಕಾಣುತ್ತಿದ್ದವೆಂಬುದಕ್ಕೆ ನಮ್ಮ ಸಂಘದಲ್ಲಿ ಉಳಿದಿರುವುದು ಆ ಕೆಟ್ಟುಹೋದ ಚಿತ್ರವೊಂದೇ.

ಮಳೆಯ ಚುಕ್ಕೆ ಬಿದ್ದರೆ ಚಿತ್ರ ಕೆಡುವುದೆಂದು ತೀರ್ಪು ಕೊಡುವವರಿಗೆ ಎರಡು ಸಂಗತಿಗಳನ್ನು ವಿನಯದಿಂದ ಅರಿಕೆಮಾಡುತ್ತೇನೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೊನೆ ೧೮೭೦ರಲ್ಲಿ ಟ್ರೂವಿಲ್ ಎಂಬ ಕಡಲತೀರದಲ್ಲಿ ಬರೆದ ಚಿತ್ರವೊಂದಿದೆ; ಅದರ ಬಣ್ಣದೊಳಗೆ ಅಂದು ಗಾಳಿಗೆ ಹಾರಿಬಂದ ಮರಳಿನ ಕಣಗಳು ಇಂದಿಗೂ ಅಂಟಿಕೊಂಡಿವೆ. ಅಮೆರಿಕದ ಕ್ಯಾನ್ಸಾಸ್ ಸಿಟಿಯ ನೆಲ್ಸನ್-ಅಟ್ಕಿನ್ಸ್ ಸಂಗ್ರಹಾಲಯದಲ್ಲಿರುವ, ವ್ಯಾನ್ ಗೋ ೧೮೮೯ರಲ್ಲಿ ಬರೆದ ಆಲಿವ್ ಮರಗಳ ಚಿತ್ರದಲ್ಲಿ ಒಂದು ಮಿಡತೆಯ ಅವಶೇಷ ಸಿಕ್ಕಿರುವುದಾಗಿ ೨೦೧೭ರಲ್ಲಿ ಪ್ರಕಟವಾಯಿತು. ಆ ಮರಳನ್ನು ಯಾರೂ ಒರೆಸಿಹಾಕಲಿಲ್ಲ. ಆ ಮಿಡತೆಯಿಂದ ಚಿತ್ರ ಕೆಟ್ಟಿತೆಂದು ಯಾರೂ ಹೇಳಲಿಲ್ಲ. ಚಿತ್ರಕಾರ ಅಂದು ಅಲ್ಲಿ ಕುಳಿತಿದ್ದನೆಂಬುದಕ್ಕೆ ಅವು ರುಜು ಹಾಕಿವೆ. ನಮ್ಮ ವಿದ್ಯಾರ್ಥಿನಿಯ ಹಾಳೆಯ ಮೇಲೆ ಮಳೆ ಹಾಕಿದ ರುಜುವಿಗೆ ಮಾತ್ರ ಏಕೆ ಬೆಲೆಯಿಲ್ಲ? ಅಚ್ಚುಕಟ್ಟುತನ ಒಳ್ಳೆಯ ಗುಣವೇ. ಆದರೆ ಅಚ್ಚುಕಟ್ಟುತನಕ್ಕೆ ಮಾತ್ರ ಬಹುಮಾನ ಕೊಡುತ್ತ ಹೋದರೆ, ಹೊರಗೆ ಹೋಗುವುದೇ ಅವಿವೇಕವೆಂದು ಮುಂದಿನವರು ತಿಳಿದುಕೊಳ್ಳುತ್ತಾರೆ. ಅವರು ಹಾಗೆ ತಿಳಿದರೆ ಅದು ಅವರ ತಪ್ಪಲ್ಲ.

ಆದ್ದರಿಂದ ಸಹಪಾಠಿ ಮಿತ್ರರ ಮುಂದೆಯೂ ಪೂಜ್ಯ ಅಧ್ಯಾಪಕರ ಮುಂದೆಯೂ ನನ್ನ ಸಲಹೆಗಳು ಮೂರು. ಬಯಲಿನಲ್ಲಿ ಬರೆಯುವ ಕೂಟವನ್ನು ಮಾಗಿಯ ಒಂದು ಪ್ರವಾಸಕ್ಕೆ ಮೀಸಲಿಡದೆ, ಮೃಗಶಿರದಿಂದ ಉತ್ತರೆಯವರೆಗೆ ಒಂದೊಂದು ಮಳೆಗೆ ಒಂದೊಂದು ದಿನದಂತೆ ಇಟ್ಟುಕೊಳ್ಳೋಣ. ಪ್ರದರ್ಶನದಲ್ಲಿ, ಸ್ಥಳದಲ್ಲೇ ಕುಳಿತು ಬರೆದ ಚಿತ್ರಗಳಿಗೆ ಬೇರೆಯ ವಿಭಾಗವನ್ನು ಮಾಡಿ, ಚುಕ್ಕೆ ಕಲೆಗಳನ್ನು ದೋಷವೆಂದು ಎಣಿಸದಿರೋಣ. ಮೂರನೆಯದಾಗಿ, ಕಾನ್‌ಸ್ಟೆಬಲನಂತೆ ಪ್ರತಿಯೊಂದು ಚಿತ್ರದ ಹಿಂಬದಿಯಲ್ಲಿ ಸ್ಥಳ, ತಾರೀಖು, ಗಂಟೆ, ಗಾಳಿಯ ದಿಕ್ಕು ಮತ್ತು ಮಳೆಯ ನಕ್ಷತ್ರ ಇಷ್ಟನ್ನು ಬರೆದು, ವರ್ಷದ ಕೊನೆಯಲ್ಲಿ ಅವುಗಳನ್ನು ಕಾಲೇಜಿನ ಗ್ರಂಥಭಂಡಾರಕ್ಕೆ ಒಪ್ಪಿಸೋಣ. ಮಳೆ ಮೊದಲಿನ ಹಾಗೆ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿರುವ ಈ ಕಾಲದಲ್ಲಿ, ಕೆರೆ ಮರ ಗದ್ದೆಗಳು ಕಣ್ಣೆದುರಿಗೇ ಬದಲಾಗುತ್ತಿರುವ ಈ ಊರಿನಲ್ಲಿ, ಇಪ್ಪತ್ತು ವರ್ಷಗಳ ಅಂಥ ಹಾಳೆಗಳು ಒಂದು ಕಪಾಟಿನಲ್ಲಿ ಸೇರಿದರೆ ಅವುಗಳ ಬೆಲೆಯನ್ನು ಮುಂದಿನವರು ಕಟ್ಟುತ್ತಾರೆ. ಅವುಗಳಲ್ಲಿ ಎಲ್ಲವೂ ಒಳ್ಳೆಯ ಚಿತ್ರಗಳಾಗಿರಬೇಕೆಂಬ ನಿಯಮವೇನೂ ಬೇಡ.

ಈ ಸಲಹೆಗಳನ್ನು ಸಂಘದ ಮುಂದಿನ ಸಭೆಯಲ್ಲಿ ಮಂಡಿಸಬೇಕೆಂದಿದ್ದೇನೆ. ಅನುಮೋದಿಸುವವರಿಗೆ ಮುಂಚಿತವಾಗಿಯೇ ವಂದನೆಗಳು. ವಿರೋಧಿಸುವವರೂ ಅವಶ್ಯವಾಗಿ ಬರಬೇಕು. ಬರುವಾಗ ಒಂದು ಕಪ್ಪು ಕೊಡೆಯನ್ನು ತಂದರೆ ಇನ್ನೂ ಸಂತೋಷ.